ಒಣಗಿದ ಟೈರಿಗೆ ಒಂದು ಕೊಡ ನೀರು

ಕ್ಷಮಿಸುವವರು ದೊಡ್ಡವರು ಎನ್ನುತ್ತಾರೆ. ಇರಬಹುದು. ನಾನು ಅಷ್ಟು ದೊಡ್ಡವಳಲ್ಲ, ಆಗುವ ಆಸೆಯೂ ಇಲ್ಲ. ಯಲ್ಲಾಪುರದ ಹೆದ್ದಾರಿ ಪಕ್ಕದಲ್ಲಿ ಒಂದು ಮಳಿಗೆ, ಒಂದು ಹೊಲಿಗೆ ಮಷಿನ್ ಇಟ್ಟುಕೊಂಡು ರವಿಕೆ ಹೊಲಿದು ಬದುಕಿದವಳು ನಾನು. ನನ್ನ ಕೈಗೆ ಬಿದ್ದ ಬಟ್ಟೆ ಎಂದೂ ಹಾಳಾಗಲಿಲ್ಲ. ನನ್ನ ಕೈಯನ್ನು ಹಾಳು ಮಾಡಿದವನನ್ನು ನಾನೂ ಸುಮ್ಮನೆ ಬಿಡಲಿಲ್ಲ.

ತೊಂಬತ್ತರ ದಶಕದಲ್ಲಿ ಉಮ್ಮಚಗಿಯಿಂದ ಅಮ್ಮನನ್ನು ಕರೆದುಕೊಂಡು ಬಂದು ಮಳಿಗೆ ಹಿಡಿದು, ಅದರ ಹಿಂದಿನ ಕೋಣೆಯಲ್ಲೇ ಬಿಡಾರ ಹೂಡಿದಾಗ ಪಕ್ಕದ ಜಾಗ ಖಾಲಿ ಇತ್ತು. ದನ ಮೇಯುತ್ತಿದ್ದವು. ಆಮೇಲೆ ಬಂದರಿನ ಕಡೆಗೆ ಅದಿರು ಹೊತ್ತ ಲಾರಿಗಳ ಓಡಾಟ ಶುರುವಾಯಿತು ನೋಡಿ, ರಸ್ತೆ ದಾಟಬೇಕಾದರೆ ದೇವರ ಹೆಸರು ಹೇಳಬೇಕಾಗಿ ಬಂತು. ಲಾರಿಗಳ ಹಿಂದೆಯೇ ಹಾವೇರಿ ಕಡೆಯಿಂದ ಒಬ್ಬ ಬಂದ. ಹಳೆಯ ಟೈರಿನ ವ್ಯಾಪಾರ. ಬಂದರಿನಿಂದ, ಹುಬ್ಬಳ್ಳಿಯಿಂದ ಸವೆದ ಟೈರು ತರಿಸಿ ಪಕ್ಕದ ಜಾಗದಲ್ಲಿ ರಾಶಿ ಹಾಕುವುದು, ಹೊಸ ರಬ್ಬರು ಹಚ್ಚಿ ರಿಸೋಲ್ ಮಾಡುವವರಿಗೆ ಮಾರುವುದು. ಮಾತು ಬೆಲ್ಲ. ನನ್ನನ್ನು ಕಂಡರೆ 'ಅಕ್ಕಾರ, ಅಕ್ಕಾರ' ಎನ್ನುತ್ತಿದ್ದ. ನಾನು ಅವನನ್ನು ಸಾವ್ಕಾರ್ರೇ ಎನ್ನುತ್ತಿದ್ದೆ. ಮೊದಲು ಅದು ತಮಾಷೆಗೆ.

ಅವನ ಟೈರು ಬಂದ ಮೇಲೆ ಹಗಲು ಹೊತ್ತಿನಲ್ಲಿ ಕಚ್ಚುವ ಸೊಳ್ಳೆ ಬಂತು. ನಮಗೇನು ಸೊಳ್ಳೆ ಹೊಸದೇ? ಆದರೆ ನಮ್ಮ ಸೊಳ್ಳೆ ಸಂಜೆ ದೀಪ ಹಚ್ಚಿದ ಮೇಲೆ ಹಾಡುತ್ತಾ ಬರುವಂಥದು. ಇದಕ್ಕೆ ಹಾಡಿಲ್ಲ, ಮಾತಿಲ್ಲ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಮಷಿನ್ನಿನ ಕೆಳಗೆ ಸೇರಿಕೊಂಡು ಪಾದದ ಗಂಟಿಗೇ ಕಚ್ಚುತ್ತಿತ್ತು. ಒಂದು ದಿನ ಹೋಗಿ ಹೇಳಿದೆ, "ಸಾವ್ಕಾರ್ರೇ, ನಿಮ್ಮ ಟೈರಲ್ಲಿ ಮಳೆ ನೀರು ನಿಂತಿದೆ, ಸೊಳ್ಳೆ ಆಗ್ತಾ ಇದೆ, ಚೆಲ್ಲಿಸಿ."

ಅವನು ಚಹಾ ಕುಡಿಯುತ್ತಿದ್ದ ಡ್ರೈವರುಗಳ ಕಡೆ ತಿರುಗಿ, "ಮಲೆನಾಡಾಗ ಸೊಳ್ಳಿ ಇರದ ಇನ್ನೇನು ಮರಳುಗಾಡಿನ ಒಂಟಿ ಇರತಾವೇನ್ರಿ?" ಎಂದ. ಅವರೆಲ್ಲ ನಕ್ಕರು. ನಾನು ಬಂದು ಮಷಿನ್ ತುಳಿದೆ.

ಆ ಮಳೆಗಾಲ ಮುಗಿಯುವ ಮೊದಲು ನನಗೆ ಜ್ವರ ಬಂತು. ಚಿಕುನ್‌ಗುನ್ಯ ಎಂಬ ಹೆಸರು ಆಗ ಎಲ್ಲರ ಬಾಯಲ್ಲೂ ಇತ್ತು, ಆದರೆ ಅದು ಬಯಲುಸೀಮೆಯ ಕಾಯಿಲೆ, ನಮ್ಮ ಕಾಡಿಗೆ ಬರುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಜ್ವರ ಬೇಗ ಇಳಿಯಿತು. ಗಂಟು ನೋವು ಇಳಿಯಲಿಲ್ಲ. ಮಣಿಕಟ್ಟು, ಬೆರಳು, ಪಾದದ ಗಂಟು ಬಾತುಕೊಂಡವು. ಹೊಲಿಯುವವಳಿಗೆ ಇನ್ನೇನು ಬೇಕು ಹೇಳಿ? ಕಾಲು ತುಳಿಯುವುದಿಲ್ಲ, ಕೈ ಸೂಜಿ ಹಿಡಿಯುವುದಿಲ್ಲ. ಅಮ್ಮ ಎಣ್ಣೆ ಕಾಯಿಸಿ ತಿಕ್ಕುತ್ತಾ ಕೂರುತ್ತಿದ್ದಳು. "ಇವತ್ತಾದ್ರೂ ಮಡಚಲೆ ಬತ್ತಾ ತಂಗಿ?" ಎಂದು ಕೇಳುವಳು. ನಮ್ಮಲ್ಲಿ ಮಗಳನ್ನು ತಂಗಿ ಎಂದೇ ಕರೆಯುವುದು. "ಬತ್ತಿಲ್ಲೆ ಅಮ್ಮಾ, ಕೇಳಡ" ಎಂದು ನಾನು ರೇಗುವೆ.

ಮದುವೆಯ ದಿನಗಳು ಹತ್ತಿರವಾದವು. ನನ್ನಲ್ಲಿ ಕೊಟ್ಟಿದ್ದ ರವಿಕೆ ಕಣಗಳನ್ನು ಒಬ್ಬೊಬ್ಬರೇ ವಾಪಸು ಒಯ್ದರು. ಸಿರಸಿಯಿಂದ ಬಸ್ಸು ಹತ್ತಿ ಬಂದು ನನ್ನ ಹತ್ತಿರವೇ ಹೊಲಿಸುತ್ತಿದ್ದವರು, "ನೀನು ಹುಷಾರಾಗು, ಮುಂದಿನ ಸಲ ನಿನಗೇ ಕೊಡ್ತೇವೆ" ಎಂದು ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋದರು. ಅವರದು ತಪ್ಪಲ್ಲ. ಮುಹೂರ್ತ ನನ್ನ ಬೆರಳಿಗಾಗಿ ಕಾಯುತ್ತದೆಯೇ? ಆದರೂ ಹೊಟ್ಟೆ ಉರಿಯಿತು.

ಅಂಥ ಒಂದು ದಿನ ಅವನು ಬಾಗಿಲಲ್ಲಿ ಬಂದು ನಿಂತ. ಹಾಲಿನ ಪ್ಯಾಕೆಟ್ಟು, ಬಾಳೆಹಣ್ಣು ತಂದಿದ್ದ. ಅಮ್ಮ ಕೂರಲು ಹೇಳಿದಳು. ಅವನು ಕೂರಲಿಲ್ಲ. ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳತೆ ತೆಗೆದು, "ಅಕ್ಕಾರ, ಮಷಿನ್ ಹೆಂಗೂ ನಿಂತೈತಿ. ಈ ಮಳಿಗಿ ನನಗ ಬಿಟ್ಟುಕೊಡ್ರಲಾ. ಟೈರ್ ಇಟ್ಕೋತೀನಿ" ಎಂದ.

ಸೊಳ್ಳೆ ಕಚ್ಚಿದ್ದಕ್ಕೆ ನಾನು ಬೇಕಾದರೆ ಹಣೆಬರಹ ಎಂದುಕೊಳ್ಳುತ್ತಿದ್ದೆ. ಈ ಮಾತಿಗೆ ಹಾಗೆ ಎಂದುಕೊಳ್ಳಲು ಆಗಲಿಲ್ಲ. ಹಾಲು, ಹಣ್ಣು ಎರಡನ್ನೂ ಅವನ ಕೈಗೇ ವಾಪಸು ಕೊಟ್ಟೆ. ಇವನಿಗೆ ಬುದ್ಧಿ ಕಲಿಸುತ್ತೇನೆ ತಡಿ ಎಂದು ಆ ಕ್ಷಣವೇ ಹಲ್ಲು ಕಚ್ಚಿಕೊಂಡೆ. ಆದರೆ ಏನು ಮಾಡುವುದು, ಹೇಗೆ ಮಾಡುವುದು ಒಂದೂ ತಿಳಿಯಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರಲ್ಲ, ಹಾಗೆ ರಾತ್ರಿಯಿಡೀ ಹಲ್ಲು ಕಡಿದು ದವಡೆ ನೋಯಿಸಿಕೊಂಡದ್ದೇ ಬಂತು.

ಆಗ ಆರೋಗ್ಯ ಇಲಾಖೆಯ ಒಬ್ಬ ಸಹಾಯಕಿ ನಮ್ಮ ಬೀದಿಗೆ ಬಂದಳು. ಸಿದ್ದಾಪುರ ತಾಲೂಕಿನ ಮನ್ಮನೆಯವಳು, ಇನ್ನೂ ಮೂವತ್ತಾಗದ ಹೆಣ್ಣು. ಕಪ್ಪು ಬಣ್ಣ ಬಳಿದ ಡಬ್ಬಿಗಳನ್ನು ಬಸ್ ನಿಲ್ದಾಣ, ಲಾರಿ ನಿಲ್ಲುವ ಜಾಗ, ಮರದ ನಾಟಾ ಡಿಪೋ, ಚೆಕ್‌ಪೋಸ್ಟ್ ಹೀಗೆ ಹೊರಗಿನವರು ಊರಿಗೆ ಕಾಲಿಡುವ ಕಡೆಗಳಲ್ಲೆಲ್ಲ ಇಡುತ್ತಿದ್ದಳು. ಡಬ್ಬಿಯಲ್ಲಿ ಅರ್ಧ ನೀರು, ಒಳಮೈಗೆ ಒಂದು ಬಟ್ಟೆ ಪಟ್ಟಿ. ಆ ಪಟ್ಟೆ ಕಾಲಿನ ಸೊಳ್ಳೆ ನೀರಿನಂಚಿಗೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದಂತೆ.

"ದೊಡ್ಡ ಬಂದರಲ್ಲಿ, ವಿಮಾನ ನಿಲ್ದಾಣದಲ್ಲಿ ಹೀಗೇ ಕಾವಲು ಕಾಯ್ತಾರೆ ಅಕ್ಕಾ, ಪರದೇಶದ ಸೊಳ್ಳೆ ಒಳಗೆ ಬರಬಾರದು ಅಂತ" ಎಂದಳು. "ನಮ್ಮೂರಿಗೆ ಹಡಗು ಬರೋದಿಲ್ಲ, ಲಾರಿ ಬರ್ತದೆ. ನಿಮ್ಮ ಹತ್ರ ಬೇಡದ ಬಿಳಿ ಬಟ್ಟೆ ತುಂಡಿದ್ರೆ ಪಟ್ಟಿ ಕತ್ತರಿಸಿ ಕೊಡ್ತೀರಾ?"

ಕೊಡದೆ ಇರುತ್ತೇನೆಯೇ? ನೋವಿನಲ್ಲಿ ಕಣ್ಣೀರು ಸುರಿಸಿಕೊಂಡೇ ಕತ್ತರಿ ಹಿಡಿದೆ. ತಿಂಗಳುಗಟ್ಟಲೆ ಆದ ಮೇಲೆ ಅದು ನನ್ನ ಮೊದಲ ಕೆಲಸ. ವಾರಕ್ಕೊಮ್ಮೆ ಅವಳು ಹಳೆಯ ಪಟ್ಟಿ ತೆಗೆದು ಹೊಸದು ಇಡುವಳು, ತೆಗೆದದ್ದನ್ನು ನನ್ನ ಮಳಿಗೆಯಲ್ಲೇ ಕುಳಿತು ಪರೀಕ್ಷಿಸುವಳು. ಉಳಿದ ಕಡೆಯ ಪಟ್ಟಿಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಟೈರಿನ ರಾಶಿಯ ಪಕ್ಕ ಇಟ್ಟ ಡಬ್ಬಿಯ ಪಟ್ಟಿಯಲ್ಲಿ ಕಾಳುಮೆಣಸಿನ ಪುಡಿ ಉದುರಿಸಿದಷ್ಟು ಮೊಟ್ಟೆ. ಅವಳು ಹೋಗಿ ಅವನಿಗೆ ಟೈರು ತಿಕ್ಕಿ ತೊಳೆಯಿರಿ, ಇಲ್ಲವೇ ಮಳೆ ಬೀಳದ ಸೂರಿನಡಿ ಹಾಕಿ ಎಂದಳು. ಅವನು ನೀರು ಚೆಲ್ಲಿಸಿದ, ಅಷ್ಟೇ. ಅಷ್ಟರಲ್ಲಿ ಮಳೆಯೂ ನಿಂತಿತು. ಟೈರೆಲ್ಲ ಒಣಗಿದವು, ಸೊಳ್ಳೆ ಕಡಿಮೆಯಾಯಿತು, ಎಲ್ಲರೂ ಮರೆತರು.

ನಾನು ಮರೆಯಲಿಲ್ಲ. ಆದರೆ ಒಣಗಿದ ಟೈರನ್ನು ತೋರಿಸಿ ಯಾರ ಹತ್ತಿರ ಏನೆಂದು ದೂರು ಹೇಳಲಿ?

ಹೋಳಿ ಕಳೆದ ಮೇಲೆ ಪಾದ ಸ್ವಲ್ಪ ಆಡತೊಡಗಿತು. ಒಂದು ರವಿಕೆ ಒಪ್ಪಿಕೊಂಡೆ. ಲೈನಿಂಗ್ ಬಟ್ಟೆಯನ್ನು ಹೊಲಿಯುವ ಮೊದಲು ನೆನೆಹಾಕಬೇಕು, ಇಲ್ಲವಾದರೆ ಆಮೇಲೆ ಅದು ಕುಗ್ಗಿ ರವಿಕೆ ಸುಕ್ಕಾಗುತ್ತದೆ. ಬಟ್ಟೆ ಗಂಟಿನಿಂದ ಎಳೆದು ಬಕೆಟ್ಟಿಗೆ ಹಾಕಿದೆ. ಮರುದಿನ ಹಿಂಡಲು ಹೋದರೆ ನೀರಿನಲ್ಲಿ ಏನೋ ಮಿಸುಕುತ್ತಿದೆ. ಕಣ್ಣಿಗೆ ಹತ್ತಿರ ತಂದು ನೋಡಿದೆ. ಸಣ್ಣ ಸಣ್ಣ ಹುಳ, ತಲೆ ಕೆಳಗು ಮಾಡಿ ಕುಣಿಯುತ್ತಿವೆ. ಲೈನಿಂಗಿನ ಜೊತೆ ಡಬ್ಬಿಯ ಹಳೆಯ ಪಟ್ಟಿಯೊಂದು ಸೇರಿ ಬಂದಿತ್ತು. ಅವಳು ಒಯ್ಯದೆ ಬಿಟ್ಟ ನಾಲ್ಕಾರು ಪಟ್ಟಿ ಗಂಟಿನಲ್ಲೇ ಉಳಿದಿದ್ದವು.

"ಬಾವಿ ನೀರಲ್ಲಿ ಇದ್ದಿಕ್ಕು" ಎಂದಳು ಅಮ್ಮ. ಇರಬಹುದು ಎಂದು ನೀರು ಕುದಿಸಿ, ಆರಿಸಿ, ಇನ್ನೊಂದು ಪಟ್ಟಿಯನ್ನು ಗಾಜಿನ ಲೋಟದಲ್ಲಿ ಹಾಕಿ ಮುಚ್ಚಿಟ್ಟೆ. ಅದರಲ್ಲೂ ಹುಳ ಕುಣಿದವು. ಚಳಿಗಾಲವಿಡೀ ಒಣಗಿ ಬಿದ್ದಿದ್ದ ಮೊಟ್ಟೆ! ಸಹಾಯಕಿಯನ್ನು ಕರೆಸಿದೆ. "ಹೌದಕ್ಕಾ, ಒಣಗಿದ್ರೂ ಸಾಯೋದಿಲ್ಲ, ನೀರು ಬರೋವರೆಗೆ ಕಾಯ್ತಾವೆ. ತಿಕ್ಕಿ ತೊಳೀರಿ ಅಂದದ್ದು ಅದಕ್ಕೇ. ಅವರು ಕೇಳಬೇಕಲ್ಲ?" ಎಂದಳು.

ನನಗೆ ಆ ಲೋಟ ನೋಡಿ ಎಷ್ಟು ಸಂತೋಷವಾಯಿತು ಎಂದರೆ, ದೇವರಾಣೆ, ಅಂಥ ಸಂತೋಷ ಮೊದಲ ಗಳಿಕೆ ಎಣಿಸಿದ ದಿನವೂ ಆಗಿರಲಿಲ್ಲ.

ಬೆಳಿಗ್ಗೆ ಡ್ರೈವರುಗಳು ಚಹಾಕ್ಕೆ ಸೇರುವ ಹೊತ್ತು ನೋಡಿಕೊಂಡೇ ಹೋದೆ. "ಸಾವ್ಕಾರ್ರೇ, ನಿಮ್ಮ ಟೈರಲ್ಲಿ ಈಗಲೂ ಸೊಳ್ಳೆ ಇದೆ" ಎಂದೆ.

"ಒಂದು ಹನಿ ನೀರಿಲ್ರಿ ಅಕ್ಕಾರ, ಕೈ ಹಾಕಿ ನೋಡ್ರಿ. ಒಣಾ ಟೈರಿನಾಗ ಎಲ್ಲಿ ಸೊಳ್ಳಿ?"

"ಹಾಗಾದ್ರೆ ನೀವೇ ಒಂದು ಟೈರು ಆರಿಸಿ. ನೀವೇ ಒಂದು ಕೊಡ ಕುದಿಸಿ ಆರಿಸಿದ ನೀರು ಹೊಯ್ಯಿರಿ. ಹೊರಗಿನ ಸೊಳ್ಳೆ ಹೋಗದ ಹಾಗೆ ನಾನು ಪರದೆ ಕಟ್ತೇನೆ. ವಾರದೊಳಗೆ ಹುಳ ಬರದಿದ್ರೆ ಈ ಮಳಿಗೆ ನಿಮಗೆ. ನಾನು, ಅಮ್ಮ ಉಮ್ಮಚಗಿಗೆ ಹೋಗ್ತೇವೆ."

ಅವನ ಕಣ್ಣು ಅರಳಿತು. "ಬಂದ್ರ?"

"ಬಂದ್ರೆ ಅಷ್ಟೂ ಟೈರಿಗೆ ತೂತು ಹೊಡೀಬೇಕು. ನೀವೇ, ನಿಮ್ಮ ಕೈಯಾರೆ."

ತೂತು ಬಿದ್ದ ಟೈರಲ್ಲಿ ನೀರು ನಿಲ್ಲುವುದಿಲ್ಲ, ರಿಸೋಲಿಗೂ ಅದು ನಡೆಯುವುದಿಲ್ಲ, ಅಂದರೆ ಆ ರಾಶಿಯ ಕಥೆ ಮುಗಿದ ಹಾಗೆ. ಅವನಿಗದು ಗೊತ್ತಿತ್ತು. ಆದರೆ ಸುತ್ತ ಡ್ರೈವರುಗಳು "ಹೂಂ ಅನ್ರಿ, ಹೆಂಗಸಿಗೆ ಅಂಜತೀರೇನು?" ಎಂದು ಕುಮ್ಮಕ್ಕು ಕೊಡುತ್ತಿದ್ದರು. ಒಣಗಿದ್ದೆಲ್ಲ ಸತ್ತಿದೆ ಎಂದೇ ಅವನ ನಂಬಿಕೆ. ನಕ್ಕು, "ಆತು, ಮಾತು ಅಂದ್ರ ಮಾತು" ಎಂದ.

ಅಮ್ಮ ತಲೆ ಚಚ್ಚಿಕೊಂಡಳು. "ಎಂತಾ ಹುಚ್ಚೇ ನಿಂಗೆ? ಬರದೆ ಹೋದ್ರೆ ಎಲ್ಲಿಗೆ ಹೋಪದು?" ನಾನು ನಮ್ಮ ಮನೆಯ ಸೊಳ್ಳೆ ಪರದೆಯನ್ನೇ ಕತ್ತರಿಸಿ, ಲಾರಿ ಟೈರಿನ ಅಳತೆಗೆ ಗವಸು ಹೊಲಿಯಲು ಕುಳಿತೆ. ಸುತ್ತಲೂ ಇಲಾಸ್ಟಿಕ್. ಒಂದು ಸುತ್ತು ತುಳಿಯುವಷ್ಟರಲ್ಲಿ ಪಾದ ಬೆಂಕಿ. ಒಂದೇ ಒಂದು ಹೊಲಿಗೆ ತಪ್ಪಿದರೆ ಅದೇ ನೆಪವಾಗುತ್ತದೆ ಎಂದು ಎರಡೆರಡು ಸಲ ಹೊಲಿದೆ. ನನ್ನ ಕೈಯಿಂದ ಅಷ್ಟು ಬಿಗಿಯಾದ ಕೆಲಸ ಹಿಂದೆಂದೂ ಆಗಿರಲಿಲ್ಲ.

ಅವನು ಆರಿಸಿ ನೀರು ಹೊಯ್ದ, ನಾನು ಗವಸು ಹಾಕಿದ ಟೈರು ಅವನ ಅಂಗಡಿಯ ಜಗುಲಿಯ ಮೇಲೇ ಇತ್ತು, ಅವನ ಕಣ್ಣೆದುರಿಗೇ. ಎರಡು ದಿನ ಏನೂ ಕಾಣಲಿಲ್ಲ. ಅವನು ನನ್ನ ಮಳಿಗೆಯ ಬಾಗಿಲಿಗೆ ಹಗ್ಗ ಹಿಡಿದು ಅಳತೆ ತೆಗೆದ. ನಾನು ಕಂಡೂ ಕಾಣದ ಹಾಗೆ ಕುಳಿತೆ. ಅಮ್ಮ ಪಾತ್ರೆಗಳನ್ನು ಗಂಟು ಕಟ್ಟಲು ಶುರು ಮಾಡಿದ್ದಳು.

ವಾರ ತುಂಬುವ ಮೊದಲೇ ಬೆಳಿಗ್ಗೆ ಡ್ರೈವರೊಬ್ಬ ಕೂಗಿದ, "ಏ, ಬರ್ರೋ ಇಲ್ಲೆ!" ಓಡಲು ಬರದ ಕಾಲಲ್ಲಿ ಕುಂಟುತ್ತಾ ಓಡಿದೆ. ಗವಸು ಹಾಗೇ ಇತ್ತು, ಇಲಾಸ್ಟಿಕ್ ಜರುಗಿರಲಿಲ್ಲ. ಒಳಗೆ ನೀರು ತುಂಬ ಹುಳ. ಮೇಲೆ ಬಂದು ಉಸಿರಾಡುವುದು, ಕೆಳಗೆ ಧುಮುಕುವುದು, ಪೇಟೆಯ ಸಂತೆಯಂತೆ ಗಡಿಬಿಡಿ. ಅವನು ಬಗ್ಗಿ ನೋಡಿದ. ಗವಸಿನ ಅಂಚಿನುದ್ದಕ್ಕೂ ಬೆರಳಾಡಿಸಿ ತೂತು ಹುಡುಕಿದ.

"ನೀವೇ ಆರಿಸಿದ ಟೈರು" ಎಂದೆ.

ಅವನಲ್ಲಿ ಒಂದು ಗುಣ ಇತ್ತು, ಕೊಟ್ಟ ಮಾತಿಗೆ ತಪ್ಪಲಿಲ್ಲ. ತಪ್ಪುವ ಹಾಗೂ ಇರಲಿಲ್ಲ, ಹೆದ್ದಾರಿಯುದ್ದಕ್ಕೂ ಡ್ರೈವರುಗಳು ಸುದ್ದಿ ಒಯ್ದಿದ್ದರು. ಬೇಸಿಗೆಯ ಬಿಸಿಲಲ್ಲಿ ಕಬ್ಬಿಣದ ಸರಳು ಕಾಯಿಸಿ ಒಂದೊಂದೇ ಟೈರಿಗೆ ತೂತು ಹೊಡೆಯತೊಡಗಿದ. ಸುಟ್ಟ ರಬ್ಬರಿನ ವಾಸನೆಗೆ ಬೀದಿಯವರು ಕಿಟಕಿ ಮುಚ್ಚಿದರು. ನಾನು ಮುಚ್ಚಲಿಲ್ಲ. ಮಳಿಗೆಯ ಎದುರು ಸ್ಟೂಲ್ ಹಾಕಿಕೊಂಡು ದಿನವೂ ಕುಳಿತು ನೋಡಿದೆ. ಅಮ್ಮ ಊಟಕ್ಕೆ ಕರೆದರೆ ತಟ್ಟೆ ಅಲ್ಲಿಗೇ ತರಿಸಿಕೊಂಡೆ.

ರಾಶಿ ಕರಗುತ್ತಾ ಬಂತು. ಕೊನೆಗೆ ಗೋಡೆ ಪಕ್ಕದ ಒಂದು ಸಾಲು ಉಳಿದಿತ್ತು. ಎಲ್ಲಕ್ಕಿಂತ ಚೆನ್ನಾಗಿದ್ದ ಟೈರುಗಳು ಅವು, ಮಾರಿದರೆ ಅವನು ಮತ್ತೆ ತಲೆ ಎತ್ತಬಹುದಾಗಿತ್ತು. ಅಂದು ಅವನ ಹೆಂಡತಿ ನನ್ನ ಹತ್ತಿರ ಬಂದಳು. ಸೆರಗು ಹಿಡಿದು, "ಸಾಕ ಬಿಡ್ರಿ ಅಕ್ಕಾರ. ಅವರ ಅಂಗೈ ತುಂಬಾ ಗುಳ್ಳಿ ಎದ್ದಾವ್ರಿ, ಅನ್ನ ಕಲಿಸಾಕ ಬರವಲ್ದು. ನಾನ ಕಲಿಸಿ ಉಣಸಾಕತ್ತೀನಿ" ಎಂದಳು.

ಹಿಂದಿನಿಂದ ಅಮ್ಮನೂ ಸಣ್ಣ ದನಿಯಲ್ಲಿ, "ಬಿಡು ತಂಗಿ, ಸಾಕು" ಎಂದಳು.

"ಕೈ ತೋರಿಸಲಿ" ಎಂದೆ.

ಅವನು ಬಂದು ಎರಡೂ ಅಂಗೈ ನನ್ನ ಮುಂದೆ ಹಿಡಿದ. ಮುಖ ನೋಡಲಿಲ್ಲ. ಗುಳ್ಳೆ ಒಡೆದು ಕೆಂಪಾಗಿತ್ತು. ನಾನು ಅವಸರ ಮಾಡದೆ, ಒಂದೊಂದು ಬೆರಳನ್ನೂ ಚೆನ್ನಾಗಿ ನೋಡಿದೆ.

"ಮಡಚಿ" ಎಂದೆ. ಮಡಚಿದ. ಎಲ್ಲ ಬೆರಳೂ ಮಡಚಿಕೊಂಡವು.

"ಆ ಸಾಲು ಇನ್ನೂ ಬಾಕಿ ಇದೆ ನೋಡಿ" ಎಂದೆ.

ಅವನು ಹೋಗಿ ಸರಳನ್ನು ಒಲೆಗೆ ಇಟ್ಟ. ಸಂಜೆಯೊಳಗೆ ಆ ಸಾಲೂ ಮುಗಿಯಿತು. ಮಳೆ ಹಿಡಿಯುವ ಮೊದಲೇ ಅವನು ಜಾಗ ಖಾಲಿ ಮಾಡಿಕೊಂಡು ಹೋದ. ಆ ಮಳೆಗಾಲ ನಮ್ಮ ಬೀದಿಯಲ್ಲಿ ಯಾರಿಗೂ ಜ್ವರ ಬರಲಿಲ್ಲ. ದೇವಿಯ ಕೃಪೆ ಎಂದರು ಎಲ್ಲರೂ. ಇರಲಿ, ದೇವಿಗೂ ಒಂದು ಪಾಲು ಸಲ್ಲಲಿ. ಅಮ್ಮ ಮಾತ್ರ ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನ ಅಂಗೈ ಹೆಚ್ಚೆಂದರೆ ಹದಿನೈದು ದಿನದಲ್ಲಿ ಮಾಯ್ದಿರುತ್ತದೆ. ನನ್ನ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚಲು ಬರುವುದಿಲ್ಲ. ಅಮ್ಮ ಸಾಯುವವರೆಗೆ ಅನ್ನ ಕಲಸಿ ಕೊಡುತ್ತಿದ್ದಳು, ಈಗ ಚಮಚದಲ್ಲಿ ಉಣ್ಣುತ್ತೇನೆ.