ಮೋಡದ ಪೈಪ್‌ಲೈನು

ದೊಡ್ಡಬಳ್ಳಾಪುರದ ಮನೆಯಲ್ಲೇ ಕೂತು ನಾನು ಅನುವಾದದ ಕೆಲಸ ಮಾಡುತ್ತೇನೆ. ಪಕ್ಕದ ಗೋಡೆಯಾಚೆ ಪವರ್‌ಲೂಮು ದಿನವಿಡೀ ಬಡಿದುಕೊಳ್ಳುತ್ತದೆ. ಆ ಸದ್ದಿನಲ್ಲಿ ಮನಸ್ಸಿನೊಳಗೆ ಓದಿಕೊಂಡರೆ ಒಂದಕ್ಷರ ತಲೆಗೆ ಹತ್ತುವುದಿಲ್ಲ, ಹಾಗಾಗಿ ಗಟ್ಟಿಯಾಗಿ ಓದುತ್ತೇನೆ. ಎಡವಟ್ಟಾಗಿದ್ದು ಅದರಿಂದಲೇ.

ಕಳೆದ ಮಳೆಗಾಲದಲ್ಲಿ ಒಂದು ಕೆಲಸ ಬಂತು. ಕ್ಲೌಡ್‌ನಲ್ಲಿ ತಂತ್ರಾಂಶ ಸಾಗಿಸುವ ಪೈಪ್‌ಲೈನಂತೆ. ಅದರ ಒಂದೊಂದು ಮಾಹಿತಿ ಖಾನೆಗೂ ಕನ್ನಡದಲ್ಲಿ ವಿವರಣೆ ಬರೆಯಬೇಕು: ಪೈಪ್‌ಲೈನಿನ ಹೆಸರು, ಮೂಲ, ಮಾಲೀಕರು, ಹಂತ, ಮುಂದಿನ ಹಂತಕ್ಕೆ ಬಿಡುವವರು. ತಂತ್ರಾಂಶ ಸಾಗುವುದೆಂದರೆ ಏನು, ಎಲ್ಲಿಂದ ಎಲ್ಲಿಗೆ, ನಡುವೆ ಯಾರು ತಡೆಯುತ್ತಾರೆ, ಒಂದೂ ತಿಳಿಯಲಿಲ್ಲ. ನಿಘಂಟು ಹೇಳಿತೆಂದು ಕ್ಲೌಡನ್ನು ಮೋಡ ಮಾಡಿಟ್ಟೆ. ‘ಮೋಡದಲ್ಲಿರುವ ಪೈಪ್‌ಲೈನಿನ ಮಾಲೀಕರು ಯಾರು’ ಎಂಬ ನನ್ನದೇ ವಾಕ್ಯವನ್ನು, ಅರ್ಥವಾದೀತೇನೋ ಎಂದು ಎರಡು ಸಲ ಕೂಗಿ ಓದಿದೆ.

ಜಗುಲಿಯಲ್ಲಿದ್ದ ಮಾವ, ನನ್ನ ಗಂಡನ ಅಪ್ಪ, ಎದ್ದು ಒಳಗೆ ಬಂದರು. ಚಪ್ಪಲಿ ಕಾಲಲ್ಲೇ ಇತ್ತು. ಹಾಗೆ ಎಂದೂ ಬಂದವರಲ್ಲ.

“ನಮ್ ಹೊಲದ್ ಮೇಲೇನಮ್ಮ ಹೋಗೋದು?”

ಕುಂದಾಣದ ಹತ್ತಿರ ಅವರದೊಂದು ರಾಗಿ ಹೊಲವಿದೆ. ಆ ತಿಂಗಳು ಯಾರೋ ಬಂದು, ಇವರನ್ನು ಒಂದು ಮಾತೂ ಕೇಳದೆ, ಬದುವಿನ ಮೇಲೆ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು. ರಸ್ತೆಗೆ ಅಂತ ಒಬ್ಬರು ಹೇಳಿದರೆ ಕಾರ್ಖಾನೆಗೆ ಅಂತ ಇನ್ನೊಬ್ಬರು. ಹೊಲ ಹೋಗಿಬಿಡುತ್ತದೆ ಎಂಬ ಭಯಕ್ಕೆ ಮಾವನಿಗೆ ಊಟವೂ ಸೇರುತ್ತಿರಲಿಲ್ಲ.

“ಇದು ನೀರಿನ ಪೈಪಲ್ಲ ಮಾವ.”

“ಮತ್ತೇನ್ ಹರೀತದೆ ಅದ್ರಲ್ಲಿ?”

“ಅದೇ ನಂಗೂ ಗೊತ್ತಾಗ್ತಿಲ್ಲ.”

“ಮೋಡದಿಂದ ನೀರಲ್ದೆ ಇನ್ನೇನ್ ಬರ್ತದೆ? ಅದೂ ತಾನಾಗೇ ಬೀಳ್ತದೆ, ಪೈಪ್ ಯಾಕೆ?”

ನನಗೆ ಸಿಟ್ಟು ಬಂತು, ಅವರ ಮೇಲಲ್ಲ, ನನಗೇ ಗೊತ್ತಿಲ್ಲದ್ದನ್ನು ಊರಿಗೆಲ್ಲ ವಿವರಿಸಲು ಹೊರಟ ನನ್ನ ಮೇಲೆ. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಇದರಲ್ಲಿ ನಿಮ್ಮ ಹೊಲವೂ ಇಲ್ಲ, ಸರ್ವೆ ನಂಬರೂ ಇಲ್ಲ, ಬೇಕಾದರೆ ಕೇಳಿ ಎಂದು ಒಂದೊಂದೇ ಸಾಲು ಓದಿದೆ. ಮಾವ ನಿಂತೇ ಕೇಳಿದರು. ಕೊನೆಯ ಖಾನೆಯ ವಿವರಣೆ ಹೀಗಿತ್ತು: ‘ಇಲ್ಲಿ ಹೆಸರಿರುವ ವ್ಯಕ್ತಿ ಒಪ್ಪಿಗೆ ಕೊಡುವವರೆಗೆ ಕೆಲಸ ಈ ಹಂತದಲ್ಲೇ ನಿಂತಿರುತ್ತದೆ.’

“ಇನ್ನೊಂದ್ಸಲ ಓದಮ್ಮ.”

ಓದಿದೆ.

“ಆ ಮನುಷ್ಯ ಹ್ಞೂಂ ಅನ್ನೋವರ್ಗೂ ನಿಂತೇ ಇರ್ತದಾ?”

“ಹಂಗಂತ ಬರ್ದಿದೆ ಮಾವ.”

ಅವರು ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು ಬಂದರು. ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು.

“ಹಂಗಾದ್ರೆ ಅಲ್ಲಿ ನನ್ ಹೆಸ್ರು ಹಾಕು.”