ಮಂಜಿನೊಳಗಿನ ರೆಕ್ಕೆ

ಮಾತಿನ ನಡುವೆ ಗಿರಿಜಕ್ಕೋರ ಕೈ ತಾನಾಗಿ ಗಾಳಿ ನೋಡಲು ಸೆರಗಿನ ತುದಿಯನ್ನು ಮೇಲೆತ್ತುತ್ತಿತ್ತು. ಹೊಸನಗರದ ಬಸ್‌ಸ್ಟ್ಯಾಂಡಾದರೂ ಸರಿ, ಮದುವೆಯ ಪಂಕ್ತಿಯಾದರೂ ಸರಿ. ಸೆರಗು ಹಾರುವುದನ್ನು ನೋಡಿ, "ಪಡುಗಾಳಿ. ಇನ್ನೂ ಮಗು" ಎಂದು, ಬಿಟ್ಟಲ್ಲಿಂದ ಮಾತು ಮುಂದುವರಿಸುವರು. ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದವರು. ನನಗೆ ಒಂದು ಮಾವಿನಕಾಯಿಯೂ ನೆಟ್ಟಗೆ ಬರೆಯಲು ಬರಲಿಲ್ಲ; ವೆಲ್ಡಿಂಗ್ ಶಾಪ್ ಹಾಕಿಕೊಂಡೆ.

ರಿಟೈರಾದ ವರ್ಷ ಅವರೇ ಶಾಪಿಗೆ ಬಂದು ಒಂದು ಚಿತ್ರ ಬಿಚ್ಚಿದರು. ಹಕ್ಕಿ. ಒಂದೊಂದು ರೆಕ್ಕೆಯೂ ಬಸ್ಸಿನಷ್ಟು ಉದ್ದ. ಕಬ್ಬಿಣದಲ್ಲಿ ಮಾಡಿ ಅವರ ಮನೆ ಹಿಂದಿನ ಬೋಳುಗುಡ್ಡದ ಮೇಲೆ ಕಂಬ ನೆಟ್ಟು ನಿಲ್ಲಿಸಬೇಕಂತೆ; ಗಾಳಿಗೆ ರೆಕ್ಕೆ ಏಳಬೇಕು, ಇಳಿಯಬೇಕಂತೆ.

"ಅಕ್ಕೋರೇ, ಇಷ್ಟು ಭಾರ ಆದ್ರೆ ಗಾಳಿಗೆ ಅಲ್ಲಾಡಲ್ಲ."

"ಸಣ್ಣ ಗಾಳಿಗೆ ಅಲ್ಲಾಡಕ್ಕೆ ಅದೆಂತ ತೋರಣವಾ ಮಾರಾಯ? ಮರ ಮುರಿಯೋ ಗಾಳಿ ಬಂದ್ರೆ ಊರೆಲ್ಲ ಬಾಗಿಲು ಹಾಕ್ಕೊಳ್ತದೆ. ಎದ್ದು ಆ ಗಾಳಿಗೆ ‘ಬಾ’ ಅನ್ನೋರು ಒಬ್ರಾದ್ರೂ ಬೇಡ್ವಾ?"

ಮಾಡಿದೆ. ಬೇಸಿಗೆಯಿಡೀ ಅದು ಕಲ್ಲಿನ ಹಾಗೆ ನಿಂತಿತ್ತು. ಸಿಗಂದೂರಿಗೆ ಹೊರಟವರು ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಂಡರು. "ಅಕ್ಕೋರ ಹಕ್ಕಿ ಕಾವಿಗೆ ಕೂತಿದೆ" ಎಂದು ಊರವರು ನಕ್ಕರು. ಅಕ್ಕೋರೂ ನಕ್ಕರು. ಅವರಿಗೆ ಬೇಕಿದ್ದದ್ದು ಒಂದೇ, ಅದು ಹಾರುವುದನ್ನು ಒಮ್ಮೆ ಕಣ್ಣಾರೆ ನೋಡುವುದು.

ಆರಿದ್ರಾ ಮಳೆಯಲ್ಲಿ ಆ ಗಾಳಿ ಬಂತು. ಇಬ್ಬರೂ ಓಡಿ ಗುಡ್ಡ ಹತ್ತಿದೆವು. ಮೇಲೆ ಏನಿದೆ? ಬರೀ ಮಂಜು. ಕಂಬದ ಬುಡವೊಂದು ಬಿಟ್ಟರೆ ಹಕ್ಕಿಯೇ ಇಲ್ಲ! ಇಲ್ಲೇ ಹುಟ್ಟಿ ಬೆಳೆದವರು ನಾವು. ಈ ಗುಡ್ಡಕ್ಕೆ ದೊಡ್ಡ ಗಾಳಿ ಮಂಜು ಹೊದ್ದುಕೊಂಡೇ ಬರುತ್ತದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಅಕ್ಕೋರು ಬೇಸಿಗೆಯಲ್ಲಿ ಕೂತು ನೀಲಿ ಆಕಾಶದಲ್ಲಿ ಹಕ್ಕಿ ಬರೆದಿದ್ದರು, ನಾನು ಹೂಂ ಅಂದಿದ್ದೆ.

ಆಮೇಲೆ ಪ್ರತಿ ಮಳೆಗಾಲವೂ ಹತ್ತಿದರು. ಪ್ರತಿ ಸಲವೂ ಮಂಜು.

ಹೋದ ವರ್ಷ ಅವರಿಗೆ ಉಬ್ಬಸ ಜೋರಾಗಿತ್ತು, ಡಾಕ್ಟರು ಗುಡ್ಡ ಹತ್ತಬೇಡಿ ಎಂದಿದ್ದರು. ಕೇಳುವ ಪೈಕಿಯೇ ಅವರು? ನನ್ನ ತೋಳು ಹಿಡಿದು ಬಂದರು. ಮತ್ತದೇ ಬಿಳುಪು. ನನಗೆ ಅಳುವೇ ಬಂತು. ಅಕ್ಕೋರು ಮಾತ್ರ ಮೆಲ್ಲಗೆ ಕಂಬಕ್ಕೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ನನ್ನ ಕೈಯನ್ನೂ ಎಳೆದು ಪಕ್ಕದಲ್ಲಿಟ್ಟರು. ಕಬ್ಬಿಣ ಒಳಗೊಳಗೇ ನಡುಗುತ್ತಿತ್ತು.

"ಏಳ್ತಾ ಇದೆ... ತಡಿ... ಹಾಂ, ಈಗ ಇಳೀತು. ಗೊತ್ತಾಯ್ತಾ?"

ಮುಖದ ಮೇಲೆ ನೀರು ಸುರಿಯುತ್ತಿತ್ತು, ಅವರು ನಗುತ್ತಿದ್ದರು. ಇಳಿಯುವಾಗ, "ನೋಡಿದ್ನಲ್ಲ ತಮ್ಮಾ, ಸಾಕು" ಎಂದರು. ದೀಪಾವಳಿಯ ಹೊತ್ತಿಗೆ ತೀರಿಕೊಂಡರು.

ಈ ಆರಿದ್ರಾದಲ್ಲಿ ಒಬ್ಬನೇ ಹೋದೆ. ನಿಂತ ಸ್ವಲ್ಪ ಹೊತ್ತಿಗೆ ಮಂಜು ಸೀಳಿಕೊಂಡಿತು. ಎರಡೂ ರೆಕ್ಕೆಗಳು ನಿಧಾನವಾಗಿ ಮೇಲೆದ್ದು, ಒಂದು ಗಳಿಗೆ ನಿಂತು, ಬಾಗಿದವು. "ಅಕ್ಕೋರೇ!" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಸಂಕಟವಾಯಿತು. ನನ್ನೊಬ್ಬನಿಗೇ ಕಂಡು ಏನು ಬಂತು?

ಕಣ್ಣು ಮುಚ್ಚಿಕೊಂಡೆ. ಹೋದ ವರ್ಷ ಅವರು ಕೈಯಿಟ್ಟಿದ್ದ ಜಾಗದಲ್ಲಿ ನನ್ನ ಅಂಗೈ ಇಟ್ಟೆ.