ಆ ಗೋಡೆಯ ಕೆಂಪು

ಬಲ್ಗೇರಿಯಾದ ಆ ಸಮಾಧಿಯೊಳಗಿನ ಚಿತ್ರಗಳನ್ನು ನಾನು ನೋಡಲಿಲ್ಲ. ನೋಡಿದೆನೆಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು. ನೋಡಬೇಕಾಗಿದ್ದವರನ್ನು ಹೊರಗೆ ಕಳಿಸಿದವಳೂ ನಾನೇ — ಅಣ್ಣನ ಹೆಂಡತಿಯನ್ನು, ನನ್ನ ಅತ್ತಿಗೆಯನ್ನು.

ಅತ್ತಿಗೆ ವಡಪಳನಿಯ ಸ್ಟುಡಿಯೋಗಳಲ್ಲಿ ಸಿನಿಮಾ ಸೆಟ್ಟುಗಳ ಹಿನ್ನೆಲೆ ಪರದೆಗಳಿಗೆ ಚಿತ್ರ ಬರೆಯುತ್ತಿದ್ದವರು. ಬಲ್ಗೇರಿಯಾದ ಆ ಸಮಾಧಿ ಥ್ರೇಸಿಯನ್ನರೆಂಬ ಪ್ರಾಚೀನ ಜನ ತಮ್ಮ ಯಾರೋ ದೊರೆಗೆ ಕಟ್ಟಿದ್ದು. ಅದರ ಗೋಡೆಯ ಮೇಲೆ ಕೈ ಕೈ ಹಿಡಿದು ಕುಳಿತ ಗಂಡ ಹೆಂಡತಿ. ಪುಸ್ತಕವೊಂದರಲ್ಲಿ ಆ ಚಿತ್ರ ಕಂಡಾಗಿನಿಂದ ಅವರಿಗೆ ಅದೇ ಧ್ಯಾನ. ಅಣ್ಣ ತೀರಿಕೊಂಡ ಮೇಲೆ ಟಿ. ನಗರದ ಟ್ರಾವೆಲ್ಸ್ ಒಂದರ ಪ್ರವಾಸಕ್ಕೆ ಹೊರಟೇಬಿಟ್ಟರು. ಜೊತೆಗೆ ನಾನು.

ಸಮಾಧಿಯ ಬಾಗಿಲಲ್ಲಿ ಗೈಡ್ ಕೇಳಿದಳು, ಯಾರಿಗಾದರೂ ಕೆಮ್ಮು ಇದೆಯೇ ಎಂದು. ನಮ್ಮ ಉಸಿರಿನ ತೇವಕ್ಕೂ ಒಳಗಿನ ಬಣ್ಣ ಕೆಡುತ್ತದಂತೆ. ನನಗಿತ್ತು. ಬಾಯಿ ಬಿಡಲಿಲ್ಲ. ಅಷ್ಟು ದೂರ ಬಂದು ಹೊರಗೆ ನಿಲ್ಲುವುದೇ ಎಂಬ ಹಟ, ಅಷ್ಟೇ. ಇಕ್ಕಟ್ಟಿನ ಹಾದಿಯಲ್ಲೇ ಕೆಮ್ಮು ಒತ್ತರಿಸಿ ಬಂತು. ಗೈಡ್ ತಟ್ಟನೆ ತಿರುಗಿ, ಯಾರೆಂದು ಕೇಳಿದಳು. ನಾನು — ಹಿಂದೆ ನಿಂತಿದ್ದ ಅತ್ತಿಗೆಯನ್ನು ತೋರಿಸಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಹೊರಗೆ ಹೋದರು.

ಚಿತ್ರಗಳ ಕೆಳಗೆ ನಾನು ಸೆರಗು ಬಾಯಿಗೊತ್ತಿ, ಕಣ್ಣು ಮುಚ್ಚಿ ನಿಂತಿದ್ದೆ. ಮತ್ತೆ ಕೆಮ್ಮಿದರೆ ಸಿಕ್ಕಿಬೀಳುತ್ತೇನೆ — ಅದೊಂದೇ ತಲೆಯಲ್ಲಿ. ಕಣ್ಣು ಬಿಟ್ಟಾಗ ಗೈಡ್ ಎಲ್ಲರನ್ನೂ ಹೊರಡಿಸುತ್ತಿದ್ದಳು.

ಬಸ್ಸಿನಲ್ಲಿ ಅತ್ತಿಗೆ ಕೇಳಿದ್ದು ಒಂದೇ ಮಾತು. "ಆ ಗೋಡೆಯ ಕೆಂಪು ಹೇಗುಂಟು, ಹೇಳು ಮಾರಾಯ್ತಿ. ಪುಸ್ತಕದ ಬಣ್ಣ ನಂಬ್ಲಿಕ್ಕಾಗುದಿಲ್ಲ."

"ಒಣಗಿದ ದಾಳಿಂಬೆ ಸಿಪ್ಪೆ ಹಾಗೆ," ಎಂದುಬಿಟ್ಟೆ.

ಊರಿಗೆ ಬಂದವರೇ ಅತ್ತಿಗೆ ತಮ್ಮ ನಡುಮನೆಯ ಗೋಡೆಯ ಮೇಲೆ ಆ ದಂಪತಿಯನ್ನು ಬರೆಯತೊಡಗಿದರು. ಆ ಕೆಂಪು ಮಾತ್ರ ಕೂಡಿಬರಲಿಲ್ಲ. ತ್ರಿಪ್ಲಿಕೇನಿನ ನನ್ನ ಮನೆಯಿಂದ ನನ್ನನ್ನು ಕರೆಸುವರು. "ಇದಾ? ಸರಿಯಾಗಿ ನೋಡಿ ಹೇಳು." ನಾನು ಗೋಡೆಯ ಹತ್ತಿರ ಹೋಗಿ, ಹಿಂದೆ ಸರಿದು, "ಇನ್ನೂ ಸ್ವಲ್ಪ ಗಾಢ" ಎನ್ನುತ್ತಿದ್ದೆ. ಅವರು ಕೆರೆದು ಮತ್ತೆ ಬಳಿಯುವರು. ಮನೆಗೆ ಮರಳಿದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮುಂದಿನ ಸಲ ಹೇಳಿಬಿಡಬೇಕು, ಮುಂದಿನ ಸಲ —

ಈಚೆಗೆ ಹೋದಾಗ ಅವರು ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ಬಳಿಯುತ್ತಿದ್ದರು. "ಇದಾ?" ಎಂದರು.

"ಗೊತ್ತಿಲ್ಲ ಅತ್ತಿಗೆ. ನಾನು ನೋಡ್ಲೇ ಇಲ್ಲ. ಅವತ್ತು ಕೆಮ್ಮಿದ್ದು —"

"ನೀನು. ನಿನ್ನ ಹಿಂದೆಯೇ ಇದ್ದೆನಲ್ಲ, ನನಗೆ ಗೊತ್ತಾಗುದಿಲ್ವಾ? ಒಬ್ಬಳಾದ್ರೂ ನೋಡ್ಲಿ ಅಂತ ಸುಮ್ಮನಾದೆ." ಆಮೇಲೆ ಅವರ ದನಿ ಇಳಿಯಿತು. "ನೋಡ್ಲೇ ಇಲ್ವಾ?"

ಕುಂಚ ತೊಳೆದಿಟ್ಟು ಒಳಗೆ ಹೋದರು. ನಾನು ಹೊರಡುವಾಗಲೂ ಹೊರಗೆ ಬರಲಿಲ್ಲ.

ಆ ಗೋಡೆಗೆ ಪೂರ್ತಿ ಬಿಳಿ ಬಳಿಸಿದರೆಂದು ಪಕ್ಕದ ಮನೆಯವರು ಹೇಳಿದರು. ಅತ್ತಿಗೆ ನನ್ನನ್ನು ಮತ್ತೆ ಕರೆಸಿಲ್ಲ. ಕರೆಸುವವರೆಗೆ ಕಾಯುವ ಹಕ್ಕೂ ನನಗಿಲ್ಲ. ನಾನೇ ಹೋಗಬೇಕು — ಅವರು ಬಾಗಿಲು ತೆರೆಯದಿದ್ದರೂ.